ಹನ್ನೊಂದನೇ ಕಲಮು

ಸುರಪುರ
ಸೋಮವಾರ, ೨೧ ಜುಲೈ ೧೯೫೨

ಪ್ರೀತಿಯ ತಂಗಿ ಲಾಲಿಗೆ,

ನಿನ್ನ ಅಕ್ಕ ಸುಂದ್ರಮ್ಮನ ಮುದ್ದು ಮತ್ತು ಆಶೀರ್ವಾದ. ಏಸಪ್ಪನವರಿಗೆ ನನ್ನ ನಮಸ್ಕಾರ ಹೇಳು. ಕೂಸಿನ ಎರಡೂ ಕೆನ್ನೆಗೆ ನನ್ನ ಹೆಸರಿನಲ್ಲಿ ಮುತ್ತು ಕೊಡು.

ನಿನ್ನ ಕಾಗದ ಈಸ್ಟರ್ ಹಬ್ಬದ ವಾರದಲ್ಲೇ ಕೈಸೇರಿತ್ತು. ಇಷ್ಟು ದಿನ ಉತ್ತರ ಬರೆಯದೆ ಕೂತ ನನ್ನ ಮೇಲೆ ನಿನಗೆ ಸಿಟ್ಟು ಬಂದಿರಬೇಕು, ಬರಲಿ. ಎರಡು ಸಲ ಬರೆಯಲು ಕೂತು ಹರಿದು ಹಾಕಿದೆ. ಅರ್ಧ ಸುದ್ದಿ ಬರೆದು ನಿನಗೆ ಆಸೆ ಹುಟ್ಟಿಸಿ, ಆಮೇಲೆ ಆಗಲಿಲ್ಲ ಎಂದು ಇನ್ನೊಂದು ಕಾಗದ ಬರೆಯುವ ಧೈರ್ಯ ನನಗಿರಲಿಲ್ಲ.

ಈಗ ಸುದ್ದಿ ಪೂರ್ತಿಯಾಗಿದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ ನೀನು ಕಾಗದವನ್ನು ಬಾಗಿಲಲ್ಲಿ ನಿಂತುಕೊಂಡೇ ಓದುವವಳು. ನಿನ್ನ ಹೆಸರೂ ಏಸಪ್ಪನವರ ಹೆಸರೂ ನಮ್ಮ ಸಭೆಯ ಪಟ್ಟಿಯಲ್ಲಿ ಮತ್ತೆ ಸೇರಿವೆ. ನಿನ್ನೆ ಭಾನುವಾರದ ಆರಾಧನೆಯಲ್ಲಿ ಎಲ್ಲರೆದುರು ಓದಿದರು. ನಾನು ಕಿವಿಯಾರೆ ಕೇಳಿದೆ. ಇನ್ನು ಕೂತುಕೊಂಡು ನಿಧಾನವಾಗಿ ಓದು.

ಕೂಸಿನ ದೀಕ್ಷಾಸ್ನಾನಕ್ಕೆ ಬಾಗಲಕೋಟೆಯ ಸಭೆಯವರು ನಿಮ್ಮೂರಿನ ಪತ್ರ ತರಿಸಿರಿ ಎಂದದ್ದು, ಇಲ್ಲಿದ್ದ ಹಿಂದಿನ ಪಾಸ್ಟರು ಪಟ್ಟಿಯಲ್ಲಿ ಹೆಸರೇ ಇಲ್ಲದವರಿಗೆ ಏನೆಂದು ಪತ್ರ ಕೊಡಲಿ ಎಂದು ನಿಮಗೆ ತಿರುಗಿ ಬರೆದದ್ದು, ಇದನ್ನೆಲ್ಲ ಓದಿ ನಾನು ಅತ್ತಿದ್ದೆ. 'ಅಲ್ಲಿಯವರಿಗೂ ನಾವು ಬೇಡ, ಇಲ್ಲಿಯವರಿಗೂ ಗುರುತಿಲ್ಲ' ಎಂದು ನೀನು ಬರೆದ ಸಾಲು ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಇವತ್ತು ಆ ಮುಳ್ಳು ಇಲ್ಲ. ಬೆಳಿಗ್ಗೆ ಎದ್ದಾಗ ಮೈ ಎಷ್ಟು ಹಗುರವಾಗಿತ್ತೆಂದರೆ, ನನಗೇ ಜ್ವರ ಬಿಟ್ಟಿತೇನೋ ಅನ್ನಿಸಿತು.

ಇಲ್ಲಿ ಮಿರಗದ ಮಳೆ ಹೇಳಿದ ಹೊತ್ತಿಗೆ ಬಂತು. ಸಜ್ಜಿ, ತೊಗರಿ ಬಿತ್ತಿ ಎಲ್ಲರೂ ಕಳೆ ತೆಗೆಯುತ್ತಿದ್ದಾರೆ. ನಮ್ಮ ಶಾಲೆಯಲ್ಲಿ ಈಗ ಪಾಠವೆಲ್ಲ ಕನ್ನಡದಲ್ಲೇ. ಉರ್ದುವಿನಲ್ಲಿ ಲೆಕ್ಕ ಕಲಿತಿದ್ದ ಹುಡುಗಿಯರು ಮಗ್ಗಿ ಹೇಳುವಾಗ ಮೊದಲರ್ಧ ಕನ್ನಡದಲ್ಲಿ ಹೇಳಿ ಉಳಿದರ್ಧವನ್ನು ಉರ್ದುವಿಗೆ ಜಾರಿಸುತ್ತಾರೆ. ನಾನೂ ಜಾರುತ್ತೇನೆ. ಇನ್‌ಸ್ಪೆಕ್ಟರು ಬಂದಾಗ ಮಾತ್ರ ಎಲ್ಲರೂ ಎಚ್ಚರ.

ಇನ್ನು ಆ ಕಥೆ. ಇದು ಶುರುವಾದದ್ದು ಚಳಿಗಾಲದ ಎಲೆಕ್ಷನ್ನಿನಿಂದ. ನಮ್ಮ ಪಕ್ಕದ ಮನೆಯ ದೇವಕಮ್ಮ ಆಯಿ ನಿನಗೆ ನೆನಪಿದ್ದೇ ಇದೆ. ಅವಳೂ ನಾನೂ ಈಗ ಹಿರಿಯರ ಮಂಡಳಿಯಲ್ಲಿದ್ದೇವೆ, ಏಳು ಮಂದಿಯಲ್ಲಿ ಇಬ್ಬರು ಹೆಂಗಸರು. ಆಯಿ ಮಗನ ತೋಳು ಹಿಡಿದುಕೊಂಡು ಹೋಗಿ ಸರ್ಕಾರದ ಪೆಟ್ಟಿಗೆಗೆ ಚೀಟಿ ಹಾಕಿ ಬಂದಳು. ಅಲ್ಲಿಂದ ನೇರವಾಗಿ ಪಾಸ್ಟರ್ ಅಮರಪ್ಪನವರ ಮನೆಗೆ. ಇವರು ಹೊಸ ಪಾಸ್ಟರು, ಹೋದ ವರ್ಷ ಯಾದಗಿರಿಯಿಂದ ಬಂದವರು, ವಯಸ್ಸು ಚಿಕ್ಕದು, ತಾಳ್ಮೆ ದೊಡ್ಡದು. ಬೆರಳಿನ ಮಸಿ ತೋರಿಸಿ ಆಯಿ ಕೇಳಿದಳಂತೆ:

"ದಿಲ್ಲಿ ರಾಜ್ಯಕ್ಕ ನನ್ನ ಮಗನ ಚೀಟಿ ಬೇಕಂತ್ರಿ ಅಯ್ಯ. ಈ ಗುಡಿಗಿ ಬ್ಯಾಡಂತ. ಇದ್ಯಾವ ನ್ಯಾಯ್ರಿ?"

ರಜಾಕಾರರ ಗಲಾಟೆಯಲ್ಲಿ ನಿಮ್ಮ ಜೊತೆ ಗಡಿ ದಾಟಿ ಹೋದವರಲ್ಲಿ ಆಯಿಯ ಮಗನ ಮನೆಯೂ ಸೇರಿ ಆರು ಮನೆಯವರು, ನಿಜಾಮರ ಆಳಿಕೆ ಮುಗಿದ ಮೇಲೆ ಊರಿಗೆ ಮರಳಿದರು. ನೀವಷ್ಟೇ ಅಲ್ಲಿ ನೆಲೆ ನಿಂತಿರಿ. ಮರಳಿದವರಿಗೆ ಮನೆ ಸಿಕ್ಕಿತು, ಹೊಲದ ಕೂಲಿ ಸಿಕ್ಕಿತು, ಸಭೆ ಸಿಗಲಿಲ್ಲ. ಮೂರು ವರ್ಷಕ್ಕೂ ಮೇಲೆ ಅವರು ಕಡೆಯ ಸಾಲಿನಲ್ಲಿ ಕೂತಿದ್ದಾರೆ. ಕರ್ತನ ಭೋಜನದ ರೊಟ್ಟಿ ಅವರ ಸಾಲಿನ ಮುಂದೆ ಹಾದು ಹೋಗುತ್ತದೆ, ಅವರು ತಲೆ ತಗ್ಗಿಸಿಕೊಳ್ಳುತ್ತಾರೆ. ಕಾರಣ ನಿಯಮದ ಪುಸ್ತಕದ ಹನ್ನೊಂದನೇ ಕಲಮು. ಬಿಳಿ ಮಿಷನರಿ ದೊರೆಗಳ ಕಾಲದಲ್ಲಿ ಬರೆದದ್ದು: 'ಸತತವಾಗಿ ಮೂರು ಸಲ ಕರ್ತನ ಭೋಜನಕ್ಕೆ ಬಾರದವರ ಹೆಸರನ್ನು ಪಟ್ಟಿಯಿಂದ ತೆಗೆಯತಕ್ಕದ್ದು. ಅಂಥವರು ಮರಳಿ ಸೇರಬೇಕಾದರೆ ಸಭೆಯ ಮುಂದೆ ನಿಂತು ಪಾಪದ ಒಪ್ಪಿಗೆ ಮಾಡತಕ್ಕದ್ದು.' ಪ್ರಾಣ ಉಳಿಸಿಕೊಂಡದ್ದನ್ನು ಪಾಪ ಎನ್ನಲು ಆ ಆರು ಮನೆಯವರಲ್ಲಿ ಒಬ್ಬರೂ ಒಪ್ಪಲಿಲ್ಲ. ಒಪ್ಪದೆ ಇದ್ದದ್ದೇ ಸರಿ ಎಂದು ನಾನೂ ಅಂದುಕೊಂಡಿದ್ದೆ.

ಅಮರಪ್ಪನವರು ಮಂಡಳಿ ಕರೆದರು. ಆ ಒಂದು ಕಲಮನ್ನು ತೆಗೆದು ಬಿಡೋಣ ಎಂದು ನಾನು ಅವಸರ ಮಾಡಿದೆ. ಅವರು ತಲೆಯಾಡಿಸಿದರು.

"ಒಂದೇ ಕಲಮು ಕಿತ್ತರ ದೇವಕಮ್ಮನ ಮಗನ ಸಲುವಾಗಿ ಕಿತ್ತರು, ಸುಂದ್ರಮ್ಮನ ತಂಗಿ ಸಲುವಾಗಿ ಕಿತ್ತರು ಅಂತಾರ್ರಿ. ಪುಸ್ತಕ ಪೂರಾ ಓದೋಣು. ದೇಶಕ್ಕೇ ಹೊಸ ಕಾನೂನು ಬಂದದ. ನಾವೂ ಒಂದೊಂದಾಗಿ ಓದಿ, ಇಡೋದು ಇಡೋಣು, ತಿದ್ದೋದು ತಿದ್ದೋಣು."

ಹಾಗಾಗಿ ಬೇಸಿಗೆಯ ಉದ್ದಕ್ಕೂ, ಪ್ರತಿ ಶನಿವಾರ ಇಳಿಹೊತ್ತಿನಲ್ಲಿ ಬೇವಿನ ಮರದ ಕೆಳಗೆ ಚಾಪೆ ಹಾಸಿ ಕೂತೆವು. ಪುಸ್ತಕ ಇದ್ದದ್ದು ಇಂಗ್ಲಿಷಿನಲ್ಲಿ. ಪಾಸ್ಟರು ಓದಿ ಅರ್ಥ ಹೇಳುವುದು, ನಾನು ಕನ್ನಡದಲ್ಲಿ ಬರೆಯುವುದು, ಉಳಿದವರು ವಾದ ಮಾಡುವುದು. ಮಂಡಳಿಯಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಬೇಕು, ಆಮೇಲೆ ಎರಡು ಭಾನುವಾರ ಸಭೆಗೆ ಓದಿ ಹೇಳಬೇಕು, ಆಮೇಲೆ ಇಡೀ ಸಭೆ ಕೈ ಎತ್ತಬೇಕು, ಕೊನೆಗೆ ಯಾದಗಿರಿಯ ಹಿರಿಯ ಪಾದ್ರಿಗಳ ರುಜು ಬೀಳಬೇಕು. ಇಷ್ಟೆಲ್ಲ ಆದರೇ ಒಂದು ಅಕ್ಷರ ಬದಲಾಗುವುದು. ದೇವಕಮ್ಮ ಆಯಿ ಕೇಳಿ, "ಇದಕ್ಕಿಂತ ಹೆಣ್ಣು ಕೊಟ್ಟು ತರೋದು ಸಸಾರ" ಎಂದಳು.

ನಗುವಂಥದ್ದೂ ಬಹಳ ಇತ್ತು. ಆರಾಧನೆಗೆ ಕುದುರೆಯ ಮೇಲೆ ಬರುವವರು ಅದನ್ನು ಉತ್ತರದ ಗೋಡೆಗೆ ಕಟ್ಟತಕ್ಕದ್ದು ಎಂದು ಒಂದು ಕಲಮು! ನಮ್ಮ ಸಭೆಯಲ್ಲಿ ಯಾರ ಹತ್ತಿರ ಕುದುರೆ ಇತ್ತು ಹೇಳು. ಕಂಪೌಂಡಿನೊಳಗೆ ಹಲಗಿ ಬಾರಿಸಕೂಡದು ಎಂಬ ಕಲಮು ಬಂದಾಗ ಮಾತ್ರ ಯಾರೂ ನಗಲಿಲ್ಲ. ಹಲಗಿ ಒಳಗೆ ಬಂದರೆ ಹಳೆಯ ಹೆಸರು ಮತ್ತೆ ಅಂಟಿಕೊಳ್ಳುತ್ತದೆ, ಬೇಡ ಎಂದರು ದವಾಖಾನೆಯ ಕಂಪೌಂಡರು. ಆಗ ಪೇತ್ರಪ್ಪಣ್ಣ ಮಾತಾಡಿದ. ಗೌಂಡಿ ಪೇತ್ರಪ್ಪ, ನಮ್ಮ ಗುಡಿಯ ಗೋಡೆ ಕಟ್ಟಿದವನು. ಸಭೆಯ ಮೇಲ್ವಿಚಾರಣೆ ಈಗಲೂ ಅವನದೇ.

"ಹಲಗಿ ಬಾರಿಸೋ ಕೈ ಅಂತ ಊರಾನ ಮಂದಿ ನಮಗ ಹೊರಗ ನಿಲ್ಸಿದ್ರು. ಒಳಗ ಬಂದ ಮ್ಯಾಲ ನಾವು ಹಲಗಿಗಿ ಹೊರಗ ನಿಲ್ಸಬೇಕೇನ್ರಿ? ಅದೇನ್ ತಪ್ಪು ಮಾಡ್ಯಾದ?"

ಆ ಕಲಮು ಹೋಯಿತು. ಈ ಕ್ರಿಸ್ಮಸ್ಸಿಗೆ ಹಲಗಿ ಇದೆ, ಲಾಲಿ. ಅವತ್ತು ನನಗೆ ಪೇತ್ರಪ್ಪಣ್ಣನ ಮೇಲೆ ಎಷ್ಟು ಅಭಿಮಾನ ಬಂತೆಂದರೆ, ಹನ್ನೊಂದನೇ ಕಲಮಿಗೂ ಇವನೇ ನಮ್ಮ ಬೆಂಬಲ ಎಂದುಕೊಂಡೆ. ನನ್ನ ಎಣಿಕೆ ತಪ್ಪಿತು.

ಮುಂದಿನ ಶನಿವಾರ ಪಾಸ್ಟರು ಅದನ್ನು ಓದಿ ಮುಗಿಸುವ ಮೊದಲೇ ಅವನು ಕೈ ಅಡ್ಡ ಹಿಡಿದ.

"ಇದು ಇದ್ದಂಗ ಇರ್ಲಿ. ಇದಕ್ಕ ನಾ ಒಪ್ಪಾಂಗಿಲ್ಲ."

"ಯಾಕ ಅಂತ ಹೇಳ್ರಿ," ಎಂದರು ಪಾಸ್ಟರು.

"ಹೋದವರು ಹೋದ್ರು. ಗುಡಿಗಿ ಕೀಲಿ ಹಾಕಿ ಕಾದವರು ನಾವು. ಹೋದವರಿಗೂ ಇದ್ದವರಿಗೂ ಒಂದೇ ಲೆಕ್ಕ ಅಂದ್ರ ಇದ್ದವರು ಎದಕ ಇದ್ದಂಗಾತು?"

ದೇವಾಪುರದ ಇಬ್ಬರು ಹಿರಿಯರೂ ಅವನ ಕಡೆಗೆ ವಾಲಿದರು. ಮೂರು ಮಂದಿ ಬೇಡವೆಂದರೆ ಠರಾವು ಬಿದ್ದಂತೆಯೇ. ನನಗೆ ತಡೆಯಲಾಗಲಿಲ್ಲ. "ನಾನೂ ಇದ್ದಾಕೀನ ಪೇತ್ರಪ್ಪಣ್ಣ. ನಾನೂ ಎಲ್ಲಿಗೂ ಹೋಗಲಿಲ್ಲ. ಮಕ್ಕಳ ಜೀವಾ ಉಳಿಸ್ಕೊಂಡದ್ದು ಪಾಪ ಅಂತ ನನ್ನ ಬಾಯಿಲೆ ಹೆಂಗ ಅನ್ಸತೀರಿ?" ಎಂದೆ. ಅವನು ನನ್ನ ಕಡೆ ನೋಡಲೂ ಇಲ್ಲ. "ಪಾಪ ಅಂತ ಬರದವನು ನಾ ಅಲ್ಲ. ಬರದದ್ದು ಇದ್ದಂಗ ಇರ್ಲಿ ಅಂದೆ, ಅಷ್ಟ," ಎಂದು ಟವಲ್ಲು ಕೊಡವಿ ಎದ್ದು ಹೋದ.

ಮೂರು ಶನಿವಾರ ಇದೇ ಆಯಿತು. ಆ ಕಲಮು ಬಂದೊಡನೆ ಅವನು ಏಳುವುದು, ಪಾಸ್ಟರು ಪ್ರಾರ್ಥನೆ ಮಾಡಿ ಮುಗಿಸುವುದು. ಪಾಸ್ಟರು ಒಬ್ಬರೇ ಒಮ್ಮೆ ಅವನ ಮನೆಗೆ ಹೋಗಿ ಬಂದರು. ಅಲ್ಲಿಯೂ ಅದೇ ಮಾತು. ನಾನು ನಿನಗೆ ಬರೆದು ಹರಿದು ಹಾಕಿದ ಕಾಗದಗಳು ಆ ದಿನಗಳವು.

ಇಲ್ಲಿ ನಿನಗೆ ಒಂದು ಸಂಗತಿ ಹೇಳಬೇಕು. ನೀವು ಹೋದ ಮೇಲೆ ಇಲ್ಲಿ ಆದದ್ದನ್ನು ನಾನು ನಿನಗೆ ಸರಿಯಾಗಿ ಬರೆದೇ ಇಲ್ಲ. ನೀನು ಬಸುರಿಯಿದ್ದೆ, ಮೊದಲ ಕೂಸು ಉಳಿಯಲಿಲ್ಲ ಎಂಬ ಸುದ್ದಿ ಬಂತು, ಇನ್ನು ಅದರ ಮೇಲೆ ಇದನ್ನು ಬರೆಯಲು ಮನಸ್ಸಾಗಲಿಲ್ಲ. ಪೇತ್ರಪ್ಪಣ್ಣನ ಹೆಂಡತಿ ರಾಹೇಲಮ್ಮ ತೀರಿಕೊಂಡಳು ಎಂದಷ್ಟೇ ಬರೆದಿದ್ದೆ. ಹೇಗೆಂದು ಬರೆದಿರಲಿಲ್ಲ.

ನೀವು ಹೋದ ವಾರದಲ್ಲೇ ವಾಂತಿಭೇದಿ ಬಂತು. ರಜಾಕಾರರ ಹೆದರಿಕೆಗೆ ಹಗಲಲ್ಲೇ ಬಾಗಿಲು ಹಾಕಿಕೊಂಡು ಕೂತಿದ್ದೆವು, ದವಾಖಾನೆಗೆ ಒಯ್ಯಲು ಒಂದು ಗಾಡಿ ಸಿಗಲಿಲ್ಲ. ರಾಹೇಲಮ್ಮ ಒಂದು ಹಗಲು ಒಂದು ರಾತ್ರಿ ನರಳಿ ಹೋದಳು. ನಮ್ಮ ಓಣಿಯ ಎಷ್ಟು ಕೂಸುಗಳು ಅವಳ ಕೈಯಲ್ಲಿ ಹುಟ್ಟಿದವು ಎಂದು ನಿನಗೆ ಗೊತ್ತು. ಅಂಥವಳ ಮೈ ತೊಳೆಯಲು ನಾನು, ದೇವಕಮ್ಮ ಆಯಿ, ಆಚೆ ಮನೆಯ ಮದೀನಾಬೀ, ನಾವು ಮೂವರೇ. ಹೊರಲು ನಾಲ್ಕು ಹೆಗಲು ಕೂಡಿಸುವುದೇ ಕಷ್ಟವಾಯಿತು. ಪೇತ್ರಪ್ಪಣ್ಣ, ಅವನ ತಮ್ಮ, ಆಗಿನ ಮುದಿ ಪಾಸ್ಟರು, ನಾಲ್ಕನೆಯವನು ಮದೀನಾಬೀಯ ಗಂಡ. ಅವನ ಮಂದಿ ಅವನನ್ನು ಏನಂದಾರು ಎಂದು ಕೂಡ ನೋಡದೆ ಬಂದು ಹೆಗಲು ಕೊಟ್ಟ. ಹಾಡಲಿಲ್ಲ, ಅಳಲಿಲ್ಲ. ಸದ್ದು ಮಾಡಲು ಹೆದರಿಕೆ.

ಆಮೇಲೆ ದಿಲ್ಲಿಯ ಮಿಲಿಟರಿ ಬಂತು, ಗಾಳಿ ತಿರುಗಿತು, ಹೆದರುವ ಸರದಿ ಮದೀನಾಬೀಯವರದಾಯಿತು. ಆಗ ಪೇತ್ರಪ್ಪಣ್ಣ ಅವಳನ್ನು, ಅವಳ ಗಂಡ ಮಕ್ಕಳನ್ನು ತನ್ನ ಮನೆಯೊಳಗೆ ಕೂರಿಸಿ, ಕಲ್ಲು ಒಡೆಯುವ ಸುತ್ತಿಗೆ ತೊಡೆಯ ಮೇಲಿಟ್ಟುಕೊಂಡು ಹೊರಗೆ ಕಟ್ಟೆಯ ಮೇಲೆ ಕೂತ. ಒಳಗೆ ಬರಲು ಯಾರಿಗೂ ಧೈರ್ಯವಾಗಲಿಲ್ಲ. ಇಂಥ ಮನುಷ್ಯ ನಮ್ಮ ಆರು ಮನೆಯವರ ಮೇಲೆ ಯಾಕೆ ಇಷ್ಟು ಕಲ್ಲಾದ ಎಂದು ನನಗೆ ಬಗೆಹರಿಯಲಿಲ್ಲ.

ಜೂನ್ ತಿಂಗಳ ಕೊನೆಯ ಶನಿವಾರ. ಮಳೆ ಹನಿಯುತ್ತಿತ್ತೆಂದು ಗುಡಿಯ ಒಳಗೇ ಕೂತಿದ್ದೆವು. ಹನ್ನೊಂದನೆಯದು ಬಂತು. ಅವನು ಏಳಲು ನೆಲಕ್ಕೆ ಕೈಯೂರಿದ. ನಾನು ಬರೆಯುತ್ತಿದ್ದ ಲೇಖಣಿ ಕೆಳಗಿಟ್ಟೆ.

"ಪೇತ್ರಪ್ಪಣ್ಣ, ಕುಂದರ್ರಿ ಜರಾ. ಕಲಮು ಬಿಡ್ರಿ. ಪುಸ್ತಕ ಬಿಡ್ರಿ. ನಿಮಗ ಏನ್ ಬೇಕು, ಅದು ಹೇಳ್ರಿ."

"ನಂಗೇನ್ ಬೇಕು? ನಂಗೇನೂ ಬ್ಯಾಡ."

"ಅವರು ಮುಂದ ನಿಂತು ಪಾಪ ಮಾಡೀವಿ ಅಂದ್ರ ನಿಮಗ ಸಮಾಧಾನ ಆಗ್ತದೇನು?"

ಅವನು ಆ ದೊಡ್ಡ ಒರಟು ಕೈಗಳನ್ನು ಒಂದರೊಳಗೊಂದು ತಿಕ್ಕಿದ. ಆಮೇಲೆ ಯಾರ ಮುಖವನ್ನೂ ನೋಡದೆ ಅಂದ:

"ಇಲ್ಲ. ಆಗಾಂಗಿಲ್ಲ. ಪಾಪ ಗೀಪ ನಂಗ್ಯಾಕ. ಅವರು ಸತ್ತ ಮನಿಗಿ ಮಾತಾಡ್ಸಾಕ ಬರಲಿಲ್ಲ, ಸುಂದ್ರಮ್ಮ."

ಅಷ್ಟೇ ಅಂದದ್ದು. ಆಮೇಲೆ ಅವನ ದನಿ ಒಡೆಯಿತು.

"ಹೋಗ್ಲಿ, ಜೀವದ ಅಂಜಿಕಿ, ಹೋದ್ರು. ನನ್ನ ಮಕ್ಕಳು ಸಣ್ಣವಿದ್ದರ ನಾನೂ ಹೋಗ್ತಿದ್ನೇನೋ. ಮರಳಿ ಬಂದ್ರಲ್ಲ? ಮೂರೂವರಿ ವರ್ಷ ಆತು. ಆಕಿ ಕೈಲೆ ಹುಟ್ಟಿದ ಕೂಸುಗಳು ನನ್ನ ಬಾಗಲ ಮುಂದ ಆಡ್ತಾವ. ಅವುಗಳ ಅವ್ವಗೋಳು ಒಬ್ಬಾಕಿನಾರ ಬಂದು ನನ್ನ ಕಟ್ಟಿ ಮ್ಯಾಲ ಕುಂತು, ಅಣ್ಣ, ರಾಹೇಲವ್ವ ಹಿಂಗಾದಳಲ್ಲೋ ಅಂದಾಳೇನು? ಆಕಿ ಹೆಸರ ಎತ್ಯಾರೇನು ಯಾರರ?"

ದೇವಕಮ್ಮ ಆಯಿ ಸೆರಗು ಬಾಯಿಗೆ ಒತ್ತಿಕೊಂಡಳು. "ನನ್ನ ಮಗ ಬಂದಿದ್ದನೋ ಪೇತ್ರಪ್ಪ," ಎಂದಳು. "ಊರಿಗಿ ಬಂದ ಮರುದಿನಾನೇ ನಿನ್ನ ಅಂಗಳದ ಗ್ವಾಡಿ ತನಕ ಬಂದಾನ. ನೀ ಕಂಡು ಮಾರಿ ತಿರುಗಿಸಿದಿ ಅಂತ. ಹೆಸರು ಕಿತ್ತಾರಂತ ಆವತ್ತ ಗೊತ್ತಾತು. ಯಾವ ಮಾರಿ ಇಟ್ಕೊಂಡು ಹೋಗ್ಲಿ ಅಂತ ತಿರುಗಿ ಬಂದ."

"ನಾ ಕಂಡಿಲ್ಲ," ಎಂದ ಪೇತ್ರಪ್ಪಣ್ಣ. ಮತ್ತೆ ಅಂದ, "ಕಂಡಿದ್ದರೂ ಕಂಡಿರಬಹುದು. ಆವಾಗ ನಂಗ ಯಾರೂ ಕಾಣ್ತಿರಲಿಲ್ಲ ಆಯಿ."

ನೋಡು ಲಾಲಿ, ಇವರು ಹೆಸರು ತೆಗೆದಿದ್ದಾರೆಂದು ಅವರು ಹೋಗಲಿಲ್ಲ, ಅವರು ಬರಲಿಲ್ಲವೆಂದು ಇವನು ಹೆಸರು ಸೇರಿಸಲು ಬಿಡಲಿಲ್ಲ. ಇಷ್ಟು ವರ್ಷ ಒಂದೇ ಓಣಿಯಲ್ಲಿ ಇದ್ದೂ!

ಪಾಸ್ಟರು ಏನೋ ಹೇಳಲು ಹೊರಟರು. ಇದನ್ನು ಠರಾವಿನಲ್ಲಿ ಹೇಗೆ ಬರೆಯುವುದು ಎಂದು ಅವರಿಗೆ ಯೋಚನೆ. ಆಯಿ ತಡೆದಳು. "ಬರೀಬ್ಯಾಡ್ರಿ ಅಯ್ಯ. ಇದು ಬರಿಯೋದಲ್ಲ. ನಾಳಿ ಐತವಾರ ಅದ. ನಾ ಎಲ್ಲಾರಿಗೂ ಹೇಳ್ತೀನಿ."

ಮರುದಿನ ಆರಾಧನೆ ಮುಗಿದ ಮೇಲೆ ಆರು ಮನೆಯವರೂ ಊಟಕ್ಕೆ ಮನೆಗೆ ಹೋಗದೆ ನೇರವಾಗಿ ಪೇತ್ರಪ್ಪಣ್ಣನ ಮನೆಗೆ ಹೋದರು. ನಾನೂ ಹೋದೆ. ಅವನು ಬಾಗಿಲಲ್ಲಿ ನಿಂತಿದ್ದ. ಬರ್ರಿ ಎನ್ನಬೇಕೋ ಬೇಡವೋ, ಕೈ ಎಲ್ಲಿಡಬೇಕೋ ತಿಳಿಯದಂತೆ ನಿಂತಿದ್ದ. ಗಂಡಸರು ಕಟ್ಟೆಯ ಮೇಲೆ ಕೂತರು. ಹೆಂಗಸರು ಒಳಗೆ ಹೋಗಿ, ರಾಹೇಲಮ್ಮ ಮಲಗುತ್ತಿದ್ದ ಜಾಗದಲ್ಲಿ ಸುತ್ತುಗಟ್ಟಿ ಕೂತರು. ಆಮೇಲೆ ಆಯಿಯ ಸೊಸೆ ಶುರು ಮಾಡಿದಳು. "ನನ್ನ ಕೂಸಿನ ಹೊಕ್ಕುಳ ಕೊಯ್ದಾಕಿ, ನಮ್ಮವ್ವ ರಾಹೇಲವ್ವಾ" ಎಂದು ಹಾಡಿಕೊಂಡು ಅತ್ತಳು. ಒಬ್ಬಳ ನಂತರ ಒಬ್ಬಳು. ಓಣಿಗೆಲ್ಲ ಕೇಳುವಂತೆ ಅತ್ತರು. ಯಾರ ಹೆದರಿಕೆಯೂ ಇಲ್ಲದೆ, ದನಿ ಎತ್ತಿ, ಬೇಕಾದಷ್ಟು. ಪೇತ್ರಪ್ಪಣ್ಣ ಕಟ್ಟೆಯ ಮೇಲೆ ಕೂತು ಗಂಡಸರ ನಡುವೆ ಮಗುವಿನ ಹಾಗೆ ಅತ್ತ. ಆಯಿಯ ಮಗ ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದ.

ನಿನ್ನ ಪರವಾಗಿ ನಾನು ಅತ್ತೆ. ನಿನ್ನ ಮದುವೆಯ ಕುಪ್ಪಸವನ್ನು ರಾಹೇಲಮ್ಮ ತಾನೇ ಹೊಲಿದು, ತೋಳು ಬಿಗಿಯಾಯಿತೆಂದು ಮದುವೆಯ ಬೆಳಿಗ್ಗೆ ಬಿಚ್ಚಿ ಮತ್ತೆ ಹೊಲಿದದ್ದನ್ನು ಹೇಳಿದೆ. ಎಲ್ಲರೂ ಅಳುತ್ತಲೇ ನಕ್ಕರು.

ಮಧ್ಯಾಹ್ನ ಪೇತ್ರಪ್ಪಣ್ಣನ ಸೊಸೆ ಚಹಾಕ್ಕೆಂದು ಒಲೆ ಹಚ್ಚಲು ಹೋದಳು. ಅಷ್ಟರಲ್ಲಿ ಮದೀನಾಬೀ ತಲೆಯ ಮೇಲೆ ರೊಟ್ಟಿಯ ಬುಟ್ಟಿ, ಕೈಯಲ್ಲಿ ಝುಣಕದ ಪಾತ್ರೆ ಹಿಡಿದು ಹಿತ್ತಲ ಬಾಗಿಲಿನಿಂದ ಬಂದಳು. "ಏ ಹುಡುಗಿ, ಒಲಿ ಹಚ್ಚಬ್ಯಾಡ," ಎಂದು ಗದರಿಸಿದಳು. "ಸತ್ತ ಮನ್ಯಾಗ ಮಂದಿ ಮಾತಾಡ್ಸಾಕ ಬಂದ ದಿನ ಒಲಿ ಹಚ್ತಾರೇನು? ನಿಮ್ಮತ್ತಿ ಮಣ್ಣಿನ ದಿನಾನೂ ರೊಟ್ಟಿ ನಾನೇ ತಂದಿದ್ದೆ. ಅವತ್ತ ಯಾರೂ ತಿಂದಿರಲಿಲ್ಲ. ಇವತ್ತ ಎಲ್ಲಾರೂ ತಿನ್ರಿ." ಎಲ್ಲರೂ ತಿಂದೆವು. ಪೇತ್ರಪ್ಪಣ್ಣನೂ ತಿಂದ. ತಿನ್ನುತ್ತಾ ನನ್ನನ್ನು ಕೇಳಿದ:

"ಲಾಲಿ ಕೂಸು ಹೆಂಗದ? ಗಂಡೋ ಹೆಣ್ಣೋ?"

"ಹೆಣ್ಣು," ಎಂದೆ.

"ಹೆಸರೇನು ಇಟ್ಟಾಳ?"

ದೀಕ್ಷಾಸ್ನಾನ ಆಗದೆ ಹೆಸರು ಇಟ್ಟಿಲ್ಲ, ಸುಮ್ಮನೆ ಚಿನ್ನಿ ಎಂದು ಕರೆಯುತ್ತಾರೆ ಎಂದೆ. ಅವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅದು ಅವನಿಗೆ ಗೊತ್ತಿರಲಿಲ್ಲ. "ಕೂಸಿಗೆ ನಾ ಏನೂ ಮಾಡಬೇಕಂತ ಇರಲಿಲ್ಲವ್ವ," ಎಂದ. ನನಗೆ ಗೊತ್ತು ಎಂದೆ.

ಮುಂದಿನ ಶನಿವಾರ ಹನ್ನೊಂದನೇ ಕಲಮಿಗೆ ಏಳು ಮಂದಿಯೂ ಒಪ್ಪಿದರು. ಹೊಸ ಮಾತು ಹೀಗಿದೆ, ನಾನೇ ಬರೆದದ್ದು: 'ದಂಗೆ, ರೋಗ, ಬರ ಅಥವಾ ದುಡಿಮೆಯ ಕಾರಣದಿಂದ ದೂರ ಹೋದವರ ಹೆಸರನ್ನು ಪಟ್ಟಿಯಿಂದ ತೆಗೆಯತಕ್ಕದ್ದಲ್ಲ. ಈ ಹಿಂದೆ ಹೀಗೆ ತೆಗೆದ ಹೆಸರುಗಳನ್ನು ಯಾವ ಒಪ್ಪಿಗೆಯನ್ನೂ ಕೇಳದೆ ಮರಳಿ ಸೇರಿಸತಕ್ಕದ್ದು.' ಪಾಸ್ಟರು ಮುಗಿಯಿತೇ ಎಂದು ಕೇಳಿದರು. ಪೇತ್ರಪ್ಪಣ್ಣ ಇನ್ನೊಂದು ಸಾಲು ಬರೆದುಕೋ ಎಂದ. ಅವನು ಹೇಳಿದ್ದನ್ನು ನಾನು ಪುಸ್ತಕದ ಕನ್ನಡಕ್ಕೆ ತಂದೆ: 'ಯಾರಾದರೂ ಮೂರು ಸಲ ಕರ್ತನ ಭೋಜನಕ್ಕೆ ಬಾರದಿದ್ದರೆ ಹಿರಿಯರು ಅವರ ಮನೆಗೆ ಹೋಗಿ ಮಾತಾಡಿಸಿ ಬರತಕ್ಕದ್ದು.' ಇದೂ ಸೇರಿತು. ಬರೆಯುವುದಲ್ಲ ಎಂದಿದ್ದ ಆಯಿ, "ಇರ್ಲಿ ಬಿಡ್ರಿ, ನಾಳಿನ ಮಂದಿಗೆ ಬರದೇ ಹೇಳಬೇಕಾಗ್ತದ" ಎಂದಳು.

ಎರಡು ಭಾನುವಾರ ಸಭೆಗೆ ಓದಿದೆವು. ಎರಡನೆಯ ಭಾನುವಾರ ಕೈ ಎತ್ತುವ ಹೊತ್ತು. ಹಿಂದಿನ ಸಾಲಿನವರಿಗೆ ಕೈ ಎತ್ತುವ ಹಕ್ಕಿಲ್ಲ, ಅವರು ಮಡಿಲಲ್ಲಿ ಕೈ ಕಟ್ಟಿಕೊಂಡು ಕೂತಿದ್ದರು. ಉಳಿದವರ ಕೈಗಳು ಒಂದೊಂದಾಗಿ ಮೇಲೆದ್ದವು. ಪಾಸ್ಟರು ಎಣಿಸಲು ಹೋಗಿ ನಿಲ್ಲಿಸಿದರು, ಎಣಿಸುವ ಅಗತ್ಯವಿರಲಿಲ್ಲ. ಯಾದಗಿರಿಯ ರುಜು ಬೇಗ ಬಂತು, ಅಮರಪ್ಪನವರು ತಾವೇ ಬಸ್ಸಿನಲ್ಲಿ ಹೋಗಿ ಮಾಡಿಸಿಕೊಂಡು ಬಂದರು. ಅಂತೂ ನಿನ್ನೆ ಹೆಸರು ಓದುವ ದಿನ. ಯಾರು ಓದುತ್ತೀರಿ ಎಂದರೆ ಪೇತ್ರಪ್ಪಣ್ಣ ಮುಂದೆ ಬಂದ. ಅವನ ಓದು ನಿನಗೆ ಗೊತ್ತು, ಒಂದೊಂದು ಅಕ್ಷರಕ್ಕೂ ಒಂದೊಂದು ಕಲ್ಲು ಇಟ್ಟ ಹಾಗೆ. ಒಂದು ಮನೆಯ ಹೆಸರು ಓದುವುದು, ಅವರು ಎದ್ದು 'ಇದ್ದೇನೆ' ಎನ್ನುವುದು. ನಿಮ್ಮ ಹೆಸರು ಬಂದಾಗ ನಾನು ಎದ್ದು ನಿಂತೆ. ಇಬ್ಬರ ಪರವಾಗಿಯೂ 'ಇದ್ದಾರೆ' ಎಂದೆ. ಆಮೇಲೆ ರೊಟ್ಟಿ ಕಡೆಯ ಸಾಲಿನಲ್ಲಿ ನಿಂತಿತು.

ಈಗ ನಿನ್ನ ಸಂಗತಿ. ಪಾಸ್ಟರು ಎರಡು ಮಾತು ಹೇಳಿದ್ದಾರೆ. ನೀವು ಅಲ್ಲಿಯೇ ಇರುವುದಾದರೆ ಬಾಗಲಕೋಟೆಯ ಸಭೆಗೆ ವರ್ಗದ ಪತ್ರ ಬರೆದು ಕಳಿಸುತ್ತಾರೆ, ಮರುವಾರವೇ ಕೂಸಿನ ದೀಕ್ಷಾಸ್ನಾನ ಆಗಬಹುದು. ಇಲ್ಲ, ಇಲ್ಲಿಗೆ ಬಂದು ಮಾಡಿಸುವುದಾದರೆ ಸುಗ್ಗಿಯ ಹಬ್ಬದ ದಿನ ಇಲ್ಲೇ ಮಾಡೋಣ ಎಂದರು. ಏಸಪ್ಪನವರ ನೌಕರಿ ಅಲ್ಲಿದೆ, ನಿಮ್ಮ ಮನೆ ಈಗ ಅಲ್ಲಿ. ನಾನು ಬಲವಂತ ಮಾಡುವುದಿಲ್ಲ. ಯಾವುದನ್ನು ಆರಿಸಿದರೂ ನನಗೆ ಸಂತೋಷವೇ. ಬರುವುದಾದರೆ ಮಾತ್ರ ಪೇತ್ರಪ್ಪಣ್ಣನ ಮನೆಗೆ ಒಮ್ಮೆ ಹೋಗಿ ಬಾ. ಅವನು ಏನೂ ಕೇಳುವುದಿಲ್ಲ, ನೀನು ಹೋಗಬೇಕು.

ಕೂಸು ರಾತ್ರಿ ಕೆಮ್ಮುತ್ತದೆ ಎಂದು ನೀನು ಬರೆದಿದ್ದೆ. ಅಜವಾನ ಹುರಿದು ಬಟ್ಟೆಯಲ್ಲಿ ಕಟ್ಟಿ ಎದೆಗೆ ಕಾವು ಕೊಡು. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು.

ನಮ್ಮನ್ನು ಹೆಸರು ಹಿಡಿದು ಕರೆದ ದೇವರು ನಿಮ್ಮ ಮೂವರ ತಲೆಯ ಮೇಲೆ ತನ್ನ ಕೈಯಿಟ್ಟಿರಲಿ, ನಿಮ್ಮ ಹೊಸ್ತಿಲು ತಣ್ಣಗಿರಲಿ.

ನಿನ್ನ ಅಕ್ಕ,
ಸುಂದ್ರಮ್ಮ

ತಾಜಾ ಕಲಮು: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಬರೆಯದೆ ಕಳಿಸಿದರೆ ಇಷ್ಟು ಬರೆದದ್ದೆಲ್ಲ ಅರ್ಧ ಸುಳ್ಳಾಗುತ್ತದೆ.

ನಾಲ್ಕು ವರ್ಷ ನಾನು ತಿಳಿದುಕೊಂಡಿದ್ದು, ನೀವು ಊರು ಬಿಟ್ಟ ರಾತ್ರಿ ಯಾರೋ ಬಂದು ಕೂಗಿದರು, ನೀವೆಲ್ಲ ಉಟ್ಟ ಬಟ್ಟೆಯಲ್ಲೇ ಓಡಿದಿರಿ, ಯಾರಿಗೂ ಹೇಳುವಷ್ಟು ಹೊತ್ತಿರಲಿಲ್ಲ ಎಂದು. ಬೆಳಿಗ್ಗೆ ನಾನು ನಿಮ್ಮ ಮನೆಗೆ ಬಂದಾಗ ಬಾಗಿಲಿಗೆ ಬರೀ ಚಿಲಕ ಇತ್ತು, ಕೋಳಿ ಬುಟ್ಟಿಯ ಕೆಳಗೇ ಇತ್ತು. ಪಾಪ, ಎಷ್ಟು ಅವಸರವಾಯಿತೋ ಎಂದು ಮರುಗಿದೆ. ಆದರೆ ಪೇತ್ರಪ್ಪಣ್ಣನ ಮನೆಯಲ್ಲಿ ರೊಟ್ಟಿ ತಿನ್ನುವಾಗ ದೇವಕಮ್ಮ ಆಯಿ ಹಿಗ್ಗಿನಿಂದ ಅಂದಳು: "ನನ್ನ ಮಗನ ಜೀವಾ ಉಳಿಸಿದಾಕಿ ನಿಮ್ಮ ಲಾಲಿ ನೋಡವ್ವ. ಅವತ್ತ ಒಂದೊಂದ ಮನಿ ಬಾಗಲ ಬಡದು ಎಲ್ಲಾರಿಗೂ ಎಬ್ಬಿಸಿದಾಕಿ ಆಕೀನ."

ದೇವಕಮ್ಮನ ಮನೆಗೂ ನನ್ನ ಖೋಲಿಗೂ ನಡುವೆ ಒಂದೇ ಗೋಡೆ.

ನಾನು ಬರುತ್ತಿರಲಿಲ್ಲ. ಶಾಲೆಯ ಬೋರ್ಡಿಂಗಿನಲ್ಲಿ ಇನ್ನೂ ಹುಡುಗಿಯರಿದ್ದರು, ಅವರನ್ನು ಬಿಟ್ಟು ಬರುವವಳಲ್ಲ ಎಂದು ನಿನಗೆ ಗೊತ್ತಿತ್ತು. ಅದಕ್ಕೇ ನನ್ನ ಬಾಗಿಲು ಬಡಿಯಲಿಲ್ಲವೇನೋ. ನಾನು ಅಳುತ್ತೇನೆ, ನೀನು ಹೊರಡಲಾರೆ ಎಂದು ಬಡಿಯಲಿಲ್ಲವೇನೋ. ಆದರೂ ಲಾಲಿ, 'ನಾ ಬರಾಂಗಿಲ್ಲ, ನೀ ಹೋಗು' ಎಂಬ ಮಾತು ನನ್ನ ಬಾಯಿಂದ ಬರಬೇಕಿತ್ತು. ನಿನ್ನ ತಲೆಯ ಮೇಲೆ ಕೈಯಿಟ್ಟು ನಾನೇ ಕಳಿಸಬೇಕಿತ್ತು.

ಇದಕ್ಕೆ ಕಾಗದದಲ್ಲಿ ಉತ್ತರ ಬರೆಯಬೇಡ. ಬಂದಾಗ ನೀನಾಗಿ ಹೇಳಿದರೆ ಕೇಳುತ್ತೇನೆ, ಹೇಳದಿದ್ದರೂ ಕೂಸನ್ನು ಎತ್ತಿಕೊಳ್ಳುತ್ತೇನೆ. ಬಸ್ಸಿನಲ್ಲಿ ಅದನ್ನು ಕಿಟಕಿಯ ಕಡೆ ಕೂರಿಸಬೇಡ, ಈ ಗಾಳಿ ಒಳ್ಳೆಯದಲ್ಲ.